ಗ್ರೀನ್ ಕಾರ್ಡ್ ಸರದಿ: ಪ್ರತಿ ತಿಂಗಳ ವೀಸಾ ಬುಲೆಟಿನ್ ಓದುವುದು ಹೇಗೆ?

ಅಮೆರಿಕದ ವಿದೇಶಾಂಗ ಇಲಾಖೆಯು ಸಾಮಾನ್ಯವಾಗಿ ತಿಂಗಳ ನಡುವಿನ ದಿನಗಳಲ್ಲಿ ಮುಂದಿನ ತಿಂಗಳ ವೀಸಾ ಬುಲೆಟಿನ್ ಅನ್ನು ಪ್ರಕಟಿಸುತ್ತದೆ. ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಯಾದ ಗ್ರೀನ್ ಕಾರ್ಡ್‌ನ ಸರದಿ ಯಾವ ದಿನಾಂಕದ ಅರ್ಜಿಗಳವರೆಗೆ ಬಂದಿದೆ ಎಂದು ಅದು ತಿಳಿಸುತ್ತದೆ. ಅಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿರುವ ಕನ್ನಡಿಗರ ಮನೆಗಳಲ್ಲಿ ಆ ದಿನ ಎದುರಾಗುವ ಪ್ರಶ್ನೆ ಒಂದೇ: ಡೇಟ್ ಮುಂದೆ ಹೋಯಿತೇ? ಬುಲೆಟಿನ್‌ನಲ್ಲಿ 2013ರ ದಿನಾಂಕವಿದ್ದು ತಮ್ಮದು 2015ರದ್ದಾಗಿದ್ದರೆ ‘ಇನ್ನೆರಡು ವರ್ಷ ಕಾದರಾಯಿತು’ ಎಂದು ಲೆಕ್ಕ ಹಾಕುವವರು ಬಹಳ. ಮನೆ ಕೊಳ್ಳುವ, ಕೆಲಸ ಬದಲಿಸುವ, ಊರಿಗೆ ಮರಳುವ ನಿರ್ಧಾರಗಳನ್ನು ಈ ಲೆಕ್ಕದ ಮೇಲೆ ಕೈಗೊಳ್ಳುವುದು ಅಪಾಯಕರ. ಬುಲೆಟಿನ್‌ನ ದಿನಾಂಕ ಕಾಲದ ಅಳತೆಯಲ್ಲ. ಆ ತಿಂಗಳಿಗೆ ಎಷ್ಟು ವೀಸಾ ಸಂಖ್ಯೆಗಳು ಉಳಿದಿವೆ, ಅವುಗಳಿಗೆ ಎಷ್ಟು ಮಂದಿ ಅರ್ಹರಿದ್ದಾರೆ ಎಂಬೆರಡನ್ನೂ ಸರಿದೂಗಿಸಲು ಇಲಾಖೆ ಎಳೆಯುವ ಗೆರೆ ಅದು. ಜಲಾಶಯದ ಮಟ್ಟ ನೋಡಿ ನಾಲೆಯ ತೂಬನ್ನು ಏರಿಸಿ ಇಳಿಸುವಂತೆ ಇಲಾಖೆ ಈ ಗೆರೆಯನ್ನು ಮುಂದೆಯೂ ಸರಿಸಬಹುದು, ಹಿಂದೆಯೂ ಸರಿಸಬಹುದು.

ಮೊದಲು ನಿಮ್ಮ ಸಾಲನ್ನು ಗುರುತಿಸಿ

ಬುಲೆಟಿನ್ ತೆರೆಯುವ ಮೊದಲು ಮೂರು ಸಂಗತಿಗಳು ಕೈಯಲ್ಲಿರಬೇಕು: ಪ್ರಯಾರಿಟಿ ಡೇಟ್ (ಸರದಿಯಲ್ಲಿ ನಿಮ್ಮ ಸ್ಥಾನವನ್ನು ನಿಗದಿಪಡಿಸುವ ದಿನಾಂಕ), ವರ್ಗ ಮತ್ತು ಹುಟ್ಟಿದ ದೇಶ.

ಉದ್ಯೋಗದ ಮೂಲಕ ಅರ್ಜಿ ಹಾಕುವವರಲ್ಲಿ ಹೆಚ್ಚಿನವರಿಗೆ, ಕಂಪನಿಯು ಅಮೆರಿಕದ ಕಾರ್ಮಿಕ ಇಲಾಖೆಗೆ ಪರ್ಮ್ ಅರ್ಜಿ (ಆ ಕೆಲಸಕ್ಕೆ ಅಮೆರಿಕದಲ್ಲಿ ಅರ್ಹರು ಸಿಗುತ್ತಿಲ್ಲ ಎಂದು ದೃಢೀಕರಿಸಿಕೊಳ್ಳುವ ಅರ್ಜಿ) ಸಲ್ಲಿಸಿದ ದಿನವೇ ಪ್ರಯಾರಿಟಿ ಡೇಟ್. ಪರ್ಮ್ ಬೇಕಿಲ್ಲದ ಇಬಿ-1 (ಉದ್ಯೋಗದ ಮೊದಲ ವರ್ಗ) ಮತ್ತು ನ್ಯಾಷನಲ್ ಇಂಟರೆಸ್ಟ್ ವೇವರ್ (ದೇಶಹಿತದ ಆಧಾರದ ವಿನಾಯಿತಿ) ಪ್ರಕರಣಗಳಲ್ಲಿ ಉದ್ಯೋಗದ ವಲಸೆ ಅರ್ಜಿಯಾದ ಐ-140 ಸಲ್ಲಿಕೆಯಾದ ದಿನ, ಕುಟುಂಬದ ಮೂಲಕ ಹೋಗುವವರಿಗೆ ಸಂಬಂಧಿಕರ ಪರವಾದ ಅರ್ಜಿ ಐ-130 ಸಲ್ಲಿಕೆಯಾದ ದಿನ ಲೆಕ್ಕಕ್ಕೆ ಬರುತ್ತದೆ. ಮಂಜೂರಾತಿಯ ಐ-797 ಪತ್ರದಲ್ಲಿ ಈ ದಿನಾಂಕ ಅಚ್ಚಾಗಿರುತ್ತದೆ. ಆ ಪತ್ರ ಕಂಪನಿಯ ವಕೀಲರ ಬಳಿಯಷ್ಟೇ ಇದ್ದರೆ ಅದರ ಪ್ರತಿಯನ್ನು ಇಂದೇ ಕೇಳಿ ಪಡೆಯಿರಿ.

ಉದ್ಯೋಗದ ವರ್ಗಗಳು ಐದು, ಇಬಿ-1ರಿಂದ ಇಬಿ-5ರವರೆಗೆ. ಭಾರತೀಯರು ಹೆಚ್ಚಾಗಿ ಇರುವುದು ಇಬಿ-2 ಮತ್ತು ಇಬಿ-3ರಲ್ಲಿ. ಕುಟುಂಬದ ಕಡೆಯಲ್ಲಿ ಅಮೆರಿಕದ ಪ್ರಜೆಯ ಪತಿ ಅಥವಾ ಪತ್ನಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಮತ್ತು ತಂದೆ ತಾಯಿಯರಿಗೆ ವಾರ್ಷಿಕ ಮಿತಿಯೇ ಇಲ್ಲದಿರುವುದರಿಂದ ಅವರು ಬುಲೆಟಿನ್ ನೋಡಬೇಕಾಗಿಲ್ಲ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಬರುವ ಎಫ್4 ವರ್ಗದಲ್ಲಿ ಮಾತ್ರ ಕಾಯುವಿಕೆ ಬಹು ದೀರ್ಘ.

ಮೂರನೆಯ ಸಂಗತಿಯಲ್ಲಿ ಗೊಂದಲ ಹೆಚ್ಚು. ಇಲ್ಲಿ ಎಣಿಕೆಗೆ ಬರುವುದು ಪೌರತ್ವವಲ್ಲ, ಹುಟ್ಟಿದ ಸ್ಥಳ. ಮಂಗಳೂರು ಅಥವಾ ಉಡುಪಿ ಮೂಲದ ತಂದೆ ತಾಯಿಯರಿಗೆ ಕುವೈತ್‌ನಲ್ಲೋ ದುಬೈನಲ್ಲೋ ಹುಟ್ಟಿದವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದರೂ ಹುಟ್ಟಿದ ದೇಶದ ಲೆಕ್ಕಕ್ಕೇ ಸೇರುತ್ತಾರೆ, ಆದ್ದರಿಂದ ಭಾರತದ ಉದ್ದನೆಯ ಸಾಲಿನಿಂದ ಹೊರಗುಳಿಯುತ್ತಾರೆ. ಇನ್ನೂ ಮುಖ್ಯವಾಗಿ, ಪತಿ ಪತ್ನಿಯರಲ್ಲಿ ಒಬ್ಬರು ಹಾಗೆ ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲನ್ನು ಬಳಸಿಕೊಳ್ಳಬಹುದು. ಮಕ್ಕಳ ಜನ್ಮಸ್ಥಳದಿಂದ ತಂದೆ ತಾಯಿಯರಿಗೆ ಈ ಸೌಲಭ್ಯ ಸಿಗುವುದಿಲ್ಲ. ಕರಾವಳಿಯ ಅನೇಕ ಕುಟುಂಬಗಳಿಗೆ ನೇರವಾಗಿ ಅನ್ವಯಿಸಬಹುದಾದ ನಿಯಮ ಇದು. ವಕೀಲರು ಕೇಳದಿದ್ದರೂ ನೀವಾಗಿಯೇ ಹೇಳಬೇಕು.

ಎರಡು ಪಟ್ಟಿಗಳು, ಎರಡು ಅರ್ಥಗಳು

2015ರ ಅಕ್ಟೋಬರ್‌ನಿಂದ ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿವೆ. ‘ಫೈನಲ್ ಆ್ಯಕ್ಷನ್ ಡೇಟ್ಸ್’ ಪಟ್ಟಿಯು ಆ ತಿಂಗಳು ಯಾರಿಗೆ ಗ್ರೀನ್ ಕಾರ್ಡ್ ಮಂಜೂರು ಮಾಡಬಹುದು ಎಂದು ಹೇಳುತ್ತದೆ. ‘ಡೇಟ್ಸ್ ಫಾರ್ ಫೈಲಿಂಗ್’ ಪಟ್ಟಿಯು ಯಾರು ಕೊನೆಯ ಹಂತದ ಅರ್ಜಿಗೆ ಕಾಗದಪತ್ರ ಸಲ್ಲಿಸಬಹುದು ಎಂದು ತಿಳಿಸುತ್ತದೆ. ಎರಡನೆಯ ಪಟ್ಟಿಯ ದಿನಾಂಕ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಮುಂದಿರುತ್ತದೆ. ಆದರೆ ಅಮೆರಿಕದೊಳಗಿದ್ದು ಆ ಕೊನೆಯ ಹಂತದ ಅರ್ಜಿಯಾದ ಐ-485 ಸಲ್ಲಿಸುವವರು ಆ ತಿಂಗಳು ಯಾವ ಪಟ್ಟಿಯನ್ನು ಅನುಸರಿಸಬೇಕು ಎಂಬುದನ್ನು ನಿರ್ಧರಿಸುವುದು ವಲಸೆ ಸೇವಾ ಸಂಸ್ಥೆಯಾದ ಯುಎಸ್‌ಸಿಐಎಸ್. ಅದು ಬುಲೆಟಿನ್ ಬಂದ ಕೆಲ ದಿನಗಳಲ್ಲಿ ತನ್ನ ಜಾಲತಾಣದಲ್ಲಿ ಬೇರೆಯಾಗಿ ಪ್ರಕಟಣೆ ನೀಡುತ್ತದೆ. ಅದನ್ನು ನೋಡದೆ ಬುಲೆಟಿನ್ ಒಂದನ್ನೇ ನಂಬಿ ಅರ್ಜಿ ಕಳುಹಿಸಿದರೆ ಅದು ಮರಳಿ ಬರುವ ಸಾಧ್ಯತೆಯಿದೆ.

ಪಟ್ಟಿಯಲ್ಲಿ ವರ್ಗದ ಸಾಲು ಮತ್ತು ದೇಶದ ಅಂಕಣ ಕೂಡುವ ಮನೆಯನ್ನು ನೋಡಿ. ‘ಸಿ’ ಎಂದಿದ್ದರೆ ಕರೆಂಟ್, ಅಂದರೆ ಎಲ್ಲರಿಗೂ ಅವಕಾಶವಿದೆ. ‘ಯು’ ಎಂದಿದ್ದರೆ ಯಾರಿಗೂ ಇಲ್ಲ. ದಿನಾಂಕವಿದ್ದರೆ ನಿಮ್ಮ ಪ್ರಯಾರಿಟಿ ಡೇಟ್ ಅದಕ್ಕಿಂತ ಹಿಂದಿನದಾಗಿರಬೇಕು. ಅದೇ ದಿನದ್ದಾಗಿದ್ದರೆ ಸಾಲದು.

ದಿನಾಂಕ ಏಕೆ ತೆವಳುತ್ತದೆ, ಏಕೆ ಹಿಂದೆ ಬೀಳುತ್ತದೆ

ಈಗಿನ ಮಿತಿಗಳ ಬುನಾದಿ 1990ರ ವಲಸೆ ಕಾಯ್ದೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳ ವಾರ್ಷಿಕ ಸಂಖ್ಯೆ ಕನಿಷ್ಠ 1,40,000. ಅದರಲ್ಲಿ ಇಬಿ-1, ಇಬಿ-2, ಇಬಿ-3ಕ್ಕೆ ತಲಾ ಶೇ 28.6, ಉಳಿದೆರಡಕ್ಕೆ ತಲಾ ಶೇ 7.1. ಇದರ ಜೊತೆಗೆ ಒಂದೊಂದು ದೇಶಕ್ಕೆ ಶೇ 7ರ ಮಿತಿ. ಇಬಿ-2ರ ವಾರ್ಷಿಕ ಪಾಲು 40,040. ಅದರ ಶೇ 7 ಎಂದರೆ ಸುಮಾರು 2,800. ಅಷ್ಟು ದೊಡ್ಡ ಭಾರತಕ್ಕೆ ಇಬಿ-2ರಲ್ಲಿ ಖಾತರಿಯಾಗಿ ದಕ್ಕುವುದು ಇಷ್ಟೇ. ಪತಿ, ಪತ್ನಿ ಮತ್ತು ಭಾರತದಲ್ಲಿ ಹುಟ್ಟಿದ ಒಂದು ಮಗು ಇದ್ದರೆ ಅದೇ 2,800ರಲ್ಲಿ ಮೂರು ಸಂಖ್ಯೆಗಳು ಖರ್ಚಾಗುತ್ತವೆ. ಅಂದರೆ ವರ್ಷಕ್ಕೆ ಸಾವಿರಕ್ಕಿಂತ ತುಸು ಕಡಿಮೆ ಕುಟುಂಬಗಳ ಸರದಿ ಮುಗಿಯುವಷ್ಟು ಅವಕಾಶ. ಬುಲೆಟಿನ್‌ನಲ್ಲಿ ಒಂದು ವರ್ಷದ ಅಂತರ ದಾಟಲು ಹಲವು ವರ್ಷಗಳೇ ಬೇಕಾಗಬಹುದಾದ ಕಾರಣ ಇಲ್ಲಿದೆ: ಆ ಒಂದು ವರ್ಷದಲ್ಲಿ ಪರ್ಮ್ ಸಲ್ಲಿಸಿದವರ ಸಂಖ್ಯೆ ಈ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಜನರ ಪ್ರತಿಭೆಗೂ ದುಡಿಮೆಗೂ ಸಂಬಂಧವಿಲ್ಲದ ಈ ಮಿತಿಯನ್ನು ತೆಗೆಯುವ ಮಸೂದೆಯೊಂದು 2019ರಲ್ಲಿ ಅಮೆರಿಕದ ಕೆಳಮನೆಯಲ್ಲಿ ಅಂಗೀಕಾರವಾಗಿತ್ತು. ಕಾಯ್ದೆಯಾಗಲಿಲ್ಲ ಎಂಬುದು ನಿಜಕ್ಕೂ ನೋವಿನ ಸಂಗತಿ.

ಹಾಗಾದರೆ ದಿನಾಂಕ ಕೆಲವೊಮ್ಮೆ ಥಟ್ಟನೆ ವರ್ಷಗಟ್ಟಲೆ ಜಿಗಿಯುವುದೇಕೆ? ಬೇರೆ ದೇಶಗಳವರು ಬಳಸದೆ ಉಳಿಸಿದ ಸಂಖ್ಯೆಗಳು ಅದೇ ವರ್ಗದಲ್ಲಿ ಹಳೆಯ ಪ್ರಯಾರಿಟಿ ಡೇಟ್ ಇರುವವರಿಗೆ ಹರಿಯುತ್ತವೆ. ಇಬಿ-1ರಲ್ಲಿ ಉಳಿದದ್ದು ಇಬಿ-2ಕ್ಕೆ, ಅಲ್ಲಿ ಉಳಿದದ್ದು ಇಬಿ-3ಕ್ಕೆ ಇಳಿಯುತ್ತದೆ. ಕುಟುಂಬದ ವರ್ಗಗಳಲ್ಲಿ ಉಳಿದದ್ದು ಮುಂದಿನ ವರ್ಷ ಉದ್ಯೋಗದ ವರ್ಗಗಳಿಗೆ ಸೇರುತ್ತದೆ. ಕೊರೊನಾ ಕಾಲದಲ್ಲಿ ಜಗತ್ತಿನಾದ್ಯಂತ ಅಮೆರಿಕದ ಕಾನ್ಸುಲೇಟ್‌ಗಳು ಮುಚ್ಚಿದ್ದರಿಂದ ಕುಟುಂಬದ ವೀಸಾಗಳು ಭಾರಿ ಪ್ರಮಾಣದಲ್ಲಿ ಉಳಿದವು. ಅದರ ಫಲವಾಗಿ 2022ರ ಹಣಕಾಸು ವರ್ಷದಲ್ಲಿ ಉದ್ಯೋಗದ ಪಾಲು ಸುಮಾರು 2,81,000ಕ್ಕೆ ಏರಿತು, ಭಾರತದ ಇಬಿ-2 ದಿನಾಂಕ 2022ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ 2014ರ ಡಿಸೆಂಬರ್ 1ರವರೆಗೆ ತಲುಪಿತು. ಮರುತಿಂಗಳೇ ಅದು 2012ರ ಏಪ್ರಿಲ್ 1ಕ್ಕೆ, ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್ 8ಕ್ಕೆ ಕುಸಿಯಿತು. ಹೆಚ್ಚುವರಿ ಸಂಖ್ಯೆಗಳು ಮುಗಿದಿದ್ದವು, ಅರ್ಜಿಗಳು ಮಾತ್ರ ಗುಡ್ಡೆಬಿದ್ದಿದ್ದವು. ಹೀಗೆ ದಿನಾಂಕ ಹಿಂದೆ ಸರಿಯುವುದನ್ನು ರೆಟ್ರೊಗ್ರೆಷನ್ ಎನ್ನುತ್ತಾರೆ. ಅಂಥದ್ದೇನೂ ಆಗದೆಂದು ನಂಬಿದ್ದ ಇಬಿ-1 ವರ್ಗದಲ್ಲೂ ಭಾರತದ ದಿನಾಂಕ 2023ರ ಆಗಸ್ಟ್‌ನಲ್ಲಿ 2012ರ ಜನವರಿ 1ಕ್ಕೆ ಜಾರಿತು.

ಈ ಏರಿಳಿತವನ್ನು ಓದಲು ಹಣಕಾಸು ವರ್ಷ ನೆನಪಿರಲಿ. ಅದು ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗೆ. ಹೊಸ ಪಾಲು ಅಕ್ಟೋಬರ್‌ನಲ್ಲಿ ತೆರೆಯುತ್ತದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಉಳಿಕೆ ಹಂಚುವಾಗ ಜಿಗಿತವೂ ಪಾಲು ತೀರಿದಾಗ ಕುಸಿತವೂ ಆಗುತ್ತವೆ. ಬುಲೆಟಿನ್‌ನ ಕೊನೆಯ ಪುಟಗಳಲ್ಲಿ ಇಲಾಖೆ ಮುಂದಿನ ತಿಂಗಳುಗಳ ಬಗ್ಗೆ ಆಗಾಗ ಟಿಪ್ಪಣಿ ಬರೆಯುತ್ತದೆ. ಪಟ್ಟಿಗಿಂತ ಆ ಟಿಪ್ಪಣಿಯೇ ಕೆಲವೊಮ್ಮೆ ಹೆಚ್ಚು ಉಪಯುಕ್ತ, ಓದುವವರು ಕಡಿಮೆ. ಐ-485 ಸಲ್ಲಿಸಿದ ಬಳಿಕ ದಿನಾಂಕ ಹಿಂದೆ ಸರಿದರೆ ಗಾಬರಿ ಬೇಡ: ಅರ್ಜಿ ತಿರಸ್ಕಾರವಾಗುವುದಿಲ್ಲ, ದಿನಾಂಕ ಮತ್ತೆ ಕರೆಂಟ್ ಆಗುವವರೆಗೆ ಮಂಜೂರಾತಿ ತಡೆಯುತ್ತದೆ ಅಷ್ಟೇ. ಅದರ ಆಧಾರದ ಕೆಲಸದ ಪರವಾನಗಿಯನ್ನು ನವೀಕರಿಸಿಕೊಳ್ಳುತ್ತಾ ಇರಬಹುದು.

ಕಾಯುವ ವರ್ಷಗಳಲ್ಲಿ ಮಾಡಬೇಕಾದ ಕೆಲಸ

ಎಚ್-1ಬಿಗೆ ಆರು ವರ್ಷದ ಮಿತಿಯಿದೆ. ಐ-140 ಮಂಜೂರಾಗಿದ್ದು ದಿನಾಂಕ ಮಾತ್ರ ಬಾರದಿದ್ದರೆ, 2000ನೇ ಇಸವಿಯ ಕಾಯ್ದೆಯೊಂದರ ಅಡಿಯಲ್ಲಿ ಮೂರು ಮೂರು ವರ್ಷ ವಿಸ್ತರಿಸಿಕೊಳ್ಳಬಹುದು. ಕಂಪನಿ ಬದಲಿಸಿದರೆ ಹೊಸ ಪರ್ಮ್, ಹೊಸ ಐ-140 ಬೇಕು. ಆದರೆ ವಂಚನೆಯಂಥ ದೋಷಗಳಿಗಾಗಿ ರದ್ದಾಗದಿದ್ದರೆ ಹಳೆಯ ಪ್ರಯಾರಿಟಿ ಡೇಟ್ ನಿಮ್ಮ ಜೊತೆಗೇ ಬರುತ್ತದೆ. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಕಂಪನಿ ಅದನ್ನು ಹಿಂಪಡೆದರೂ ವಿಸ್ತರಣೆಯ ಹಕ್ಕು ಉಳಿಯುವುದರಿಂದ, ಆ ಗಡುವಿಗೆ ಮುನ್ನ ರಾಜೀನಾಮೆ ಕೊಡುವ ಆತುರ ಬೇಡ.

ಮಕ್ಕಳ ವಯಸ್ಸಿನ ಲೆಕ್ಕವನ್ನು ಬಹಳ ಎಚ್ಚರದಿಂದ ಮಾಡಬೇಕು. 21 ತುಂಬಿದ ಮಗು ತಂದೆ ತಾಯಿಯರ ಅರ್ಜಿಯಿಂದ ಹೊರಬೀಳುತ್ತದೆ. 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯ್ದೆಯಂತೆ, ವೀಸಾ ಸಂಖ್ಯೆ ಲಭ್ಯವಾದ ದಿನ ಮಗುವಿಗಿರುವ ವಯಸ್ಸಿನಿಂದ ಐ-140 ಬಾಕಿಯಿದ್ದ ಅವಧಿಯನ್ನು ಕಳೆಯುತ್ತಾರೆ. ಮಗುವಿಗೆ 21 ವರ್ಷ 4 ತಿಂಗಳಾಗಿದ್ದು ಐ-140 ಆರು ತಿಂಗಳು ಬಾಕಿಯಿದ್ದರೆ, ಕಾನೂನಿನ ವಯಸ್ಸು 20 ವರ್ಷ 10 ತಿಂಗಳು. ಹೀಗೆ ಉಳಿದುಕೊಂಡ ಮಗುವಿನ ಪರವಾಗಿ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಹೆಚ್ಚುವರಿ ಶುಲ್ಕ ಕೊಟ್ಟು ಬೇಗ ಇತ್ಯರ್ಥ ಮಾಡಿಸಿಕೊಳ್ಳುವ ಪ್ರೀಮಿಯಂ ಪ್ರೊಸೆಸಿಂಗ್‌ನಲ್ಲಿ ಕೆಲವೇ ದಿನಗಳಲ್ಲಿ ಮಂಜೂರಾದ ಐ-140ಯಿಂದ ಕಳೆಯಲು ಸಿಗುವುದು ಆ ಕೆಲವೇ ದಿನಗಳು ಎಂಬುದನ್ನೂ ಗಮನಿಸಿ. 2023ರ ಫೆಬ್ರವರಿಯಿಂದ ಈ ಲೆಕ್ಕಕ್ಕೆ ‘ಡೇಟ್ಸ್ ಫಾರ್ ಫೈಲಿಂಗ್’ ಪಟ್ಟಿಯನ್ನೂ ಪರಿಗಣಿಸಲಾಗುತ್ತಿತ್ತು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಯುಎಸ್‌ಸಿಐಎಸ್ ಮತ್ತೆ ‘ಫೈನಲ್ ಆ್ಯಕ್ಷನ್’ ಪಟ್ಟಿಗೆ ಮರಳಿದೆ. ಹದಿನಾರು ಹದಿನೇಳರ ಮಕ್ಕಳಿರುವವರು ಈ ಲೆಕ್ಕವನ್ನು ವಕೀಲರೊಂದಿಗೆ ಈಗಲೇ ಕುಳಿತು ಮಾಡಬೇಕು.

ಕೊನೆಯದಾಗಿ ಕಾಗದಪತ್ರ. 2007ರ ಜುಲೈ ಬುಲೆಟಿನ್‌ನಲ್ಲಿ ಉದ್ಯೋಗದ ಬಹುತೇಕ ವರ್ಗಗಳು ಕರೆಂಟ್ ಆದವು. ಜುಲೈ 2ರಂದು ಅದನ್ನು ಹಿಂಪಡೆದು, 17ರಂದು ಮತ್ತೆ ಜಾರಿಗೆ ತಂದು, ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಿದರು. ಇಂಥ ಕಿಂಡಿ ತೆರೆದಾಗ ಕಾಗದ ಹುಡುಕುತ್ತಾ ಕೂರಲು ಸಮಯವಿರುವುದಿಲ್ಲ. ನಮ್ಮ ರಾಜ್ಯದಲ್ಲಿ ಹುಟ್ಟಿದ ಅನೇಕರ ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಹಳ್ಳಿಯ ಮನೆಯಲ್ಲಿ ಹುಟ್ಟಿದ ಕೆಲವರ ಜನನ ನೋಂದಣಿಯೇ ಆಗಿರುವುದಿಲ್ಲ. ಮೊದಲನೆಯವರು ನೋಂದಣಾಧಿಕಾರಿಯ ಬಳಿ ಹೆಸರು ಸೇರಿಸಿಕೊಂಡು ಹೊಸ ಪ್ರತಿ ಪಡೆಯಬೇಕು. ಎರಡನೆಯವರು ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರದ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಜನನದ ವಿವರ ಬಲ್ಲ ಹಿರಿಯರ ಪ್ರಮಾಣಿತ ಹೇಳಿಕೆಗಳನ್ನೂ ಸಿದ್ಧಪಡಿಸಿಕೊಳ್ಳಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತಾರ, ಮದುವೆಯ ಪ್ರಮಾಣಪತ್ರದಲ್ಲಿ ಊರಿನ ಹೆಸರು ಸೇರಿಕೊಂಡಿದ್ದರೆ ಇವೆಲ್ಲವೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಕೂಡ ಬೇಕಾಗುತ್ತದೆ. ಹೇಳಿಕೆ ಕೊಡಬಲ್ಲ ಅಜ್ಜಿ, ದೊಡ್ಡಪ್ಪ, ಸೋದರಮಾವ ಊರಿನಲ್ಲಿದ್ದರೆ, ಮುಂದಿನ ಸಲ ರಜೆಗೆ ಬಂದಾಗಲೇ ಅವರಿಂದ ಸಹಿ ಪಡೆದು ನೋಟರಿ ಮಾಡಿಸಿಟ್ಟುಕೊಳ್ಳಿ.