ಆಲ್ಬಮ್ ಕೈಗೆ ಕೊಡಿ, ರೇಟು ಆಮೇಲೆ ಹೇಳಿ

'ಒಂದು ಮದುವೆಗೆ ಎಷ್ಟು ತಗೋತೀರಾ?' ಫೋಟೊ ಸ್ಟುಡಿಯೊ ನಡೆಸುವವರಿಗೆ ಫೋನಿನಲ್ಲಿ ಮೊದಲು ಬರುವ ಪ್ರಶ್ನೆ ಇದೇ, ಅಲ್ವಾ? ತಟ್ಟನೆ ಒಂದು ಮೊತ್ತ ಹೇಳಿಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕೇಳಿದವರ ಹತ್ತಿರ ಆಗಲೇ ಮೂರು ಕಡೆಯ ರೇಟು ಇರುತ್ತದೆ, ನಿಮ್ಮದು ನಾಲ್ಕನೆಯದು, ಯಾರದು ಕಡಿಮೆಯೋ ಅವರಿಗೆ ಆರ್ಡರ್. ಹಾಗಂತ ರೇಟು ಮುಚ್ಚಿಡಬೇಡಿ, ಅದೂ ಜನಕ್ಕೆ ಹಿಡಿಸುವುದಿಲ್ಲ. 'ಇಷ್ಟರಿಂದ ಇಷ್ಟರವರೆಗೆ ಆಗುತ್ತೆ, ನಿಮ್ಮ ಮದುವೆ ಹೇಗೆ ಅಂತ ಗೊತ್ತಾದ್ರೆ ಸರಿಯಾಗಿ ಹೇಳ್ತೀನಿ' ಅನ್ನಿ. ಆಮೇಲೆ ನೀವು ಕೇಳಲು ಶುರು ಮಾಡಿ.

ಕೇಳಿ, ಬರೆದುಕೊಳ್ಳಿ

ಮುಹೂರ್ತ ಎಷ್ಟು ಗಂಟೆಗೆ? ಬೆಳಗಿನ ಜಾವದ್ದಾದರೆ ಮೇಕಪ್ ಕೋಣೆಗೆ ನೀವು ಕತ್ತಲಲ್ಲೇ ಹೋಗಬೇಕು. ಆರತಕ್ಷತೆ ಹಿಂದಿನ ದಿನವಾ, ಅವತ್ತೇ ಸಂಜೆಯಾ? ಚಪ್ಪರದ ಶಾಸ್ತ್ರ ಮನೆಯಲ್ಲಾ, ಛತ್ರದಲ್ಲಾ? ಹುಡುಗ, ಹುಡುಗಿ ಎರಡೂ ಕಡೆಗೆ ಸೇರಿ ಒಂದೇ ಟೀಮಾ? ಕೊನೆಗೆ ಒಂದು ಪ್ರಶ್ನೆ ತಪ್ಪಿಸಬೇಡಿ: ಮನೆಯಲ್ಲಿ ಹಿರಿಯರು ಯಾರಿದ್ದಾರೆ?

ನನಗೆ ಈ ಪ್ರಶ್ನೆಯ ಬೆಲೆ ಗೊತ್ತಾಗಿದ್ದು ಒಂದು ಮದುವೆಯಲ್ಲಿ. ಅಜ್ಜಿಗೆ ಛತ್ರದ ಮೆಟ್ಟಿಲು ಹತ್ತಲು ಆಗಲ್ಲ, ಅವರು ಬರಲ್ಲ ಅಂದರು ಹುಡುಗಿಯ ಅಪ್ಪ. ಹಾಗಾಗಿ ಚಪ್ಪರದ ದಿನವೇ ಮನೆಗೆ ಅರ್ಧ ಗಂಟೆ ಮೊದಲು ಹೋದೆವು. ಅಜ್ಜಿ ಮಂಚದ ಮೇಲೆ ಕೂತಿದ್ದರು, ಮದುಮಗಳು ಕೆಳಗೆ ಚಾಪೆಯ ಮೇಲೆ, ಅವಳ ಜಡೆಗೆ ಹೂ ಮುಡಿಸುತ್ತಿದ್ದ ಅಜ್ಜಿಯ ಕೈ ಸ್ವಲ್ಪ ನಡುಗುತ್ತಿತ್ತು, ಕಿಟಕಿಯ ಬೆಳಕು ಆ ಕೈಯ ಮೇಲೇ ಬಿದ್ದಿತ್ತು. ಆ ಮನೆಯವರು ಮೊದಲು ಫ್ರೇಮ್ ಹಾಕಿಸಿದ್ದು ಇದೇ ಫೋಟೊಗೆ, 16x24 ಇಂಚು ಸೈಜಿನಲ್ಲಿ.

ಪೂರ್ತಿ ಮದುವೆ ತೋರಿಸಿ

ಮೊಬೈಲಿನಲ್ಲಿ ಚೆಂದದ 20 ಫೋಟೊ ಎಲ್ಲರೂ ತೋರಿಸುತ್ತಾರೆ. ನೀವು ರೇಟು ಕೇಳಿದ ಮನೆಯವರನ್ನು ಸ್ಟುಡಿಯೊಗೆ ಕರೆಸಿ, ಅಥವಾ ನೀವೇ ಮನೆಗೆ ಹೋಗಿ, ಒಂದೇ ಮದುವೆಯ ಪೂರ್ತಿ ಆಲ್ಬಮ್ ಕೈಗೆ ಕೊಡಿ. ಅವರದ್ದು ಸಾಧಾರಣ ಛತ್ರದ ಮದುವೆಯಾದರೆ ರೆಸಾರ್ಟ್ ಮದುವೆಯ ಆಲ್ಬಮ್ ಬೇಡ, ಅಂಥದೇ ಛತ್ರ, ಅಂಥದೇ ಟ್ಯೂಬ್‌ಲೈಟ್ ಇರುವುದು ಕೊಡಿ. ಪುಟ ಅವರೇ ತಿರುವಲಿ, ನೀವು ಸುಮ್ನೆ ಕೂತಿರಿ. ಯಾವ ಪುಟದಲ್ಲಿ ಕೈ ನಿಲ್ಲುತ್ತದೆ ನೋಡಿ. ಧಾರೆಯ ಹತ್ತಿರ ನಿಂತರೆ ಒಂದು ಲೆಕ್ಕ, ನೆಂಟರು ನಗುತ್ತಿರುವ ಕ್ಯಾಂಡಿಡ್ ಫೋಟೊ ಹತ್ತಿರ ನಿಂತರೆ ಇನ್ನೊಂದು. ಯಾವ ಪ್ಯಾಕೇಜ್ ಮೊದಲು ಹೇಳಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈಗ ರೇಟು ಹೇಳಿ. ಬಾಯಿಮಾತಿನಲ್ಲಿ ಬೇಡ, ಹಾಳೆಯಲ್ಲಿ ಬರೆದು ಕೊಡಿ: ಎಷ್ಟು ಜನ ಬರುತ್ತೀರಿ, ಎಷ್ಟು ಹೊತ್ತು ಇರುತ್ತೀರಿ, ಡ್ರೋನ್ ಇದೆಯೋ ಇಲ್ಲವೋ, 12x36 ಇಂಚಿನ ಆಲ್ಬಮ್‌ನಲ್ಲಿ ಎಷ್ಟು ಶೀಟು, ಯಾವಾಗ ಕೈಗೆ ಸಿಗುತ್ತದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿ ನೀವು ಜಿಎಸ್‌ಟಿಗೆ ಬಂದಿದ್ದರೆ, 18% ತೆರಿಗೆ ಸೇರಿಸಿ ಹೇಳಿದ ಮೊತ್ತವೋ ಬಿಟ್ಟು ಹೇಳಿದ್ದೋ ಅನ್ನುವುದನ್ನೂ ಅಲ್ಲೇ ಬರೆಯಿರಿ.

'ಸ್ವಲ್ಪ ನೋಡಿ ಮಾಡಿ' ಅಂತ ಕೇಳೇ ಕೇಳುತ್ತಾರೆ, ತಪ್ಪೇನಿಲ್ಲ. ಆದರೆ ಏನೂ ತೆಗೆಯದೆ ಹತ್ತು ಸಾವಿರ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ರೇಟು ಅಂತಲೇ ಅರ್ಥ. ಡ್ರೋನ್ ಬಿಡೋಣವಾ, 40 ಶೀಟಿನ ಬದಲು 30 ಮಾಡೋಣವಾ ಅಂತ ಕೇಳಿ. ಎಷ್ಟೋ ಜನ ಆಗ 'ಬೇಡ ಬಿಡಿ, ಎಲ್ಲಾ ಇರಲಿ' ಅನ್ನುತ್ತಾರೆ.

ಫೋಟೊ ಆರಿಸುವ ದಿನ

ನಮ್ಮ ಕಸುಬಿನಲ್ಲಿ ದುಡ್ಡು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 3,000 ಫೋಟೊ ತೆಗೆದಿರುತ್ತೀರಿ, 30 ಶೀಟು ಅಂದರೆ 60 ಪುಟ, ಅದರಲ್ಲಿ ಚೆನ್ನಾಗಿ ಕೂರುವುದು 200 ಫೋಟೊ. ಪೆನ್‌ಡ್ರೈವ್ ಕೊಟ್ಟು 'ಆರಿಸಿ ಕಳಿಸಿ' ಅಂದರೆ ಅದು ಬೀರುವಿನಲ್ಲಿ ಕೂತುಬಿಡುತ್ತದೆ. ಒಂದು ಮನೆಯವರು ಆರಿಸಿ ಕೊಡುವಷ್ಟರಲ್ಲಿ ಮಗುವಿನ ನಾಮಕರಣ ಬಂದಿತ್ತು, ಅಲ್ಲಿವರೆಗೂ ನಮ್ಮ ಬಾಕಿ ಹಣ ಬರಲಿಲ್ಲ.

ಅದಕ್ಕೆ ಹೀಗೆ ಮಾಡಿ. ನೀವೇ ಮೊದಲು 500ಕ್ಕೆ ಇಳಿಸಿ. ಮದುವೆಯಾದ ಹತ್ತು ಹದಿನೈದು ದಿನದೊಳಗೆ, ಮನೆಯಲ್ಲಿ ಇನ್ನೂ ಅದೇ ಮಾತು ನಡೆಯುತ್ತಿರುವಾಗಲೇ, ಗಂಡ ಹೆಂಡತಿ ಇಬ್ಬರನ್ನೂ ಅಮ್ಮಂದಿರನ್ನೂ ಕರೆಸಿ. ದೊಡ್ಡ ಟಿವಿಯಲ್ಲಿ ಒಂದೊಂದಾಗಿ ತೋರಿಸಿ, ಕಾಫಿ ಕೊಡಿ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಯಾವುದೋ ಒಂದು ಬಂದಾಗ ಅಮ್ಮ 'ಅದನ್ನ ಇನ್ನೊಂದ್ಸಲ ತೋರಿಸಪ್ಪಾ' ಅನ್ನುತ್ತಾರಲ್ಲ, ಅದನ್ನು ಬರೆದಿಟ್ಟುಕೊಳ್ಳಿ, ಫ್ರೇಮ್ ಅದಕ್ಕೇ. ಟಿವಿ ಪಕ್ಕದ ಗೋಡೆಯಲ್ಲಿ 12x18, 16x24 ಎರಡೂ ಸೈಜಿನ ಫ್ರೇಮ್ ತೂಗಿರಲಿ, ಬಾಯಲ್ಲಿ ಹೇಳಿದ ಅಳತೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ಬೆಲೆ ಒಂದೇ ಸಲ ಹೇಳಿ, ಒತ್ತಾಯ ಬೇಡ.

ಹಣವನ್ನೂ ಇದಕ್ಕೆ ಹೊಂದಿಸಿ. ಬುಕ್ ಮಾಡುವಾಗ 40%, ಮದುವೆಯ ಹಿಂದಿನ ದಿನ 40%, ಆಲ್ಬಮ್ ಕೊಡುವಾಗ 20%. ಮುಹೂರ್ತದ ದಿನ ಹುಡುಗಿಯ ಅಪ್ಪನ ಹಿಂದೆ ದುಡ್ಡಿಗೆ ಓಡಾಡಬೇಡಿ, ಪಾಪ, ಅವರಿಗೆ ಅವತ್ತು ನೂರು ತಲೆನೋವು.

ಇನ್ನೊಂದು ಮಾತು. ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ತೆಗೆಸಿದವರದ್ದು. ಇನ್‌ಸ್ಟಾಗ್ರಾಮಿಗೆ, ಅಂಗಡಿಯ ಬೋರ್ಡಿಗೆ ಹಾಕುವ ಮೊದಲು ಕೇಳಿ, ಆರ್ಡರ್ ಫಾರಂನಲ್ಲೇ ಒಂದು ಸಾಲು ಇರಲಿ. ಬೇಡ ಅಂದರೆ ಬೇಡ.

ಆಷಾಢದಲ್ಲಿ ಕೆಲಸ ಕಡಿಮೆ. ಹಳೆಯ ಆರ್ಡರ್ ಪುಸ್ತಕ ತೆಗೆದು ಫೋನ್ ಮಾಡಿ. ಸೀಮಂತ, ಗೃಹಪ್ರವೇಶ, ಅಪ್ಪನ ಷಷ್ಟ್ಯಬ್ದಿ, ಯಾವುದಾದರೂ ಒಂದು ಇದ್ದೇ ಇರುತ್ತದೆ.

ಆಲ್ಬಮ್ ಮಾತ್ರ ಹುಡುಗರ ಕೈಯಲ್ಲಿ ಕಳಿಸಬೇಡಿ, ನೀವೇ ತಗೊಂಡು ಹೋಗಿ. ಭಾನುವಾರ ಸಂಜೆ ಹೋಗಿ, ಮನೆ ತುಂಬ ಜನ ಇರುತ್ತಾರೆ, ಪಕ್ಕದ ಮನೆಯವರೂ ಬರುತ್ತಾರೆ. ಅದರಲ್ಲಿ ಮುಂದಿನ ಮಾಘದಲ್ಲಿ ಮಗಳ ಮದುವೆ ಇಟ್ಟುಕೊಂಡವರೊಬ್ಬರು ಆಲ್ಬಮ್ಮನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಾರೆ. ಅವರು ಕೊನೆಯ ಪುಟದವರೆಗೂ ನೋಡಿ ಮುಗಿಸಲಿ, ಆಮೇಲೆ ಕಾರ್ಡ್ ಕೊಡಿ.