ರಿಯೋ ಕಡಲತೀರದಲ್ಲಿ ಕಾರ್ಡ್ ತೆಗೆಯುವ ಮೊದಲು

ಕಳೆದ ಕಾರ್ನಿವಲ್ ಮುಗಿದ ವಾರ ಬೆಂಗಳೂರಿನ ಇಬ್ಬರು ಹುಡುಗರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ತಮ್ಮನ ಜೊತೆ ಓದಿದವರು. ಅನ್ನ, ತಿಳಿಸಾರು ಬಡಿಸಿ ಕೂತರೆ ಇಬ್ಬರ ಮುಖದಲ್ಲೂ ಕಳೆ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬ ಫೋನ್ ತೆಗೆದು ಬ್ಯಾಂಕಿನ ಮೆಸೇಜ್ ತೋರಿಸಿದ. ಕೋಪಕಬಾನದ ಮರಳಿನ ಮೇಲೆ ಎರಡು ಲೋಟ ಕೈಪಿರಿನ್ಯ ಕುಡಿದದ್ದಕ್ಕೆ ಬ್ರೆಜಿಲ್‌ನ ದುಡ್ಡಿನಲ್ಲಿ 2,400 ರಿಯಾಲ್ ಹೋಗಿತ್ತು. ಹೆಚ್ಚುಕಡಿಮೆ 38 ಸಾವಿರ ರೂಪಾಯಿ. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. 2019ರಲ್ಲಿ, ನಾವು ಈ ಊರಿಗೆ ಬಂದ ಮೊದಲ ತಿಂಗಳಲ್ಲಿ, ನಾನು ಕಳೆದುಕೊಂಡಿದ್ದೂ ಹೀಗೇ.

ಆಮೇಲೆ ಹೀಗೆ ಕಳೆದುಕೊಂಡು ಬಂದವರನ್ನು ಲೆಕ್ಕ ಹಾಕಿದರೆ ಇವರು ನಾಲ್ಕನೆಯವರು. ವೀಸಾ ಹೇಗೆ, ಏಸುವಿನ ಪ್ರತಿಮೆಗೆ ಟಿಕೆಟ್ ಎಲ್ಲಿ, ಯಾವ ತಿಂಗಳು ಮಳೆ ಎಂಬುದೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಡುತ್ತೇನೆ. ಕಡಿಮೆ ದುಡ್ಡಿನಲ್ಲಿ ರಿಯೋ ನೋಡಲು ಬರುವವರಿಗೆ ನಾನು ಮೊದಲು ಹೇಳಬೇಕಾದದ್ದು ಕಾರ್ಡ್ ಮಷಿನ್ ಬಗ್ಗೆ.

ಇಲ್ಲಿ ಅದಕ್ಕೆ ಮಾಕಿನಿನ್ಯ ಎನ್ನುತ್ತಾರೆ. ಪುಟ್ಟ ಮಷಿನ್ ಎಂದರ್ಥ. ಎಳನೀರು ಮಾರುವವರ ಹತ್ತಿರವೂ ಇರುತ್ತದೆ, ಮರಳಿನಲ್ಲಿ ಟೋಪಿ ಹೊತ್ತು ಮಾರುವವರ ಸೊಂಟದಲ್ಲೂ ನೇತಾಡುತ್ತದೆ. ಇಷ್ಟು ಅನುಕೂಲ ಇರುವಾಗ ನಗದು ಯಾಕೆ ಎಂದು ನಮ್ಮವರಿಗೆ ಅನ್ನಿಸುವುದು ಸಹಜ. ಊರಲ್ಲಿ ಸೊಪ್ಪಿನ ಗಾಡಿಯಲ್ಲೂ ಯುಪಿಐ ಮಾಡಿ ಬಂದವರಲ್ವಾ?

ಆದರೆ ಯುಪಿಐಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಬೀದಿಯಲ್ಲಿ ಮೊತ್ತವನ್ನು ಒತ್ತುವವರು ನಾವು. ಕೋಡ್ ಸ್ಕ್ಯಾನ್ ಮಾಡಿ, ನಲವತ್ತು ಎಂದು ನಾವೇ ಬರೆಯುತ್ತೇವೆ. ಆಮೇಲೆ ಅಂಗಡಿಯ ಡಬ್ಬ ಕನ್ನಡದಲ್ಲೇ ಎಲ್ಲರಿಗೂ ಕೇಳುವಂತೆ ಮೊತ್ತ ಕೂಗುತ್ತದೆ. ಇಲ್ಲಿ ಮಾರುವವನು ಮೊತ್ತ ಒತ್ತುತ್ತಾನೆ. ನೀವು ಕಾರ್ಡ್ ಕೊಡುತ್ತೀರಿ. ಮಷಿನ್ ಬಾಯಿ ಬಿಡುವುದಿಲ್ಲ. ಆ ಸಣ್ಣ ಪರದೆಯನ್ನು ನೀವು ಸರಿಯಾಗಿ ಓದಿದರೆ ಉಳಿದಿರಿ, ಇಲ್ಲದಿದ್ದರೆ ಇಲ್ಲ.

ನನಗೆ ಆದದ್ದು ಇಪನೆಮ ತೀರದಲ್ಲಿ, ಪೋಸ್ತು 9 ಎಂಬ ಕಾವಲು ಗೋಪುರದ ಹತ್ತಿರ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಒಬ್ಬ ಯುವಕ ತಂತಿಯ ಹಿಡಿಕೆಯ ಪುಟ್ಟ ಇದ್ದಿಲ ಒಲೆ ಹಿಡಿದು ಬಂದ. ಕಡ್ಡಿಗೆ ಚುಚ್ಚಿದ ಚೀಸ್ ಸುಟ್ಟು ಕೊಡುತ್ತಾರೆ, ಅದಕ್ಕೆ ಕೇಜು ಕೊಆಲ್ಯು ಎನ್ನುತ್ತಾರೆ. ಮೇಲೆ ಒರೆಗಾನೊ ಉದುರಿಸುತ್ತಾರೆ, ಕೇಳಿದರೆ ಬೆಲ್ಲದ ಪಾಕವನ್ನೂ ಹಾಕುತ್ತಾರೆ. ಬಹಳ ರುಚಿ. ನನಗೊಂದು, ನನ್ನ ಹೆಂಡತಿಗೊಂದು. ಎರಡಕ್ಕೆ ಮೂವತ್ತು ಎಂದ. ಪರದೆಯ ಮೇಲೆ 3.000,00 ಎಂದು ಇತ್ತು. ಮೂವತ್ತಕ್ಕೆ ಇಷ್ಟೊಂದು ಸೊನ್ನೆ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು ನಿಜ. ದಶಾಂಶದ ಜಾಗದಲ್ಲಿ ಅಲ್ಪವಿರಾಮ ಹಾಕುವ ದೇಶ, ಇವರು ಬರೆಯುವುದೇ ಹೀಗಿರಬಹುದು ಅಂದುಕೊಂಡೆ. ಪಿನ್ ಒತ್ತಿಬಿಟ್ಟೆ.

ಇಲ್ಲಿ ಚುಕ್ಕೆ ಇರುವುದು ಸಾವಿರಕ್ಕೆ. ಅಲ್ಪವಿರಾಮ ಇರುವುದು ಪೈಸೆಗೆ. ನಾವು ಬರೆಯುವುದರ ತದ್ವಿರುದ್ಧ. ಮೂವತ್ತು ರಿಯಾಲ್ ಎಂದರೆ 30,00. ಮೂರು ಸಾವಿರ ಎಂದರೆ 3.000,00. ಅಲ್ಪವಿರಾಮದ ಬಲಕ್ಕೆ ಇರುವ ಎರಡು ಅಂಕಿಯನ್ನು ಬೆರಳಿಂದ ಮುಚ್ಚಿ, ಉಳಿದದ್ದನ್ನು ಓದಿ. ಅದೇ ನೀವು ಕೊಡುವ ದುಡ್ಡು. ಎಡಕ್ಕೆ ಚುಕ್ಕೆ ಕಂಡರೆ ಸಾವಿರ ದಾಟಿದೆ ಎಂದೇ ಅರ್ಥ. ಮರಳಿನ ಮೇಲೆ ಮಾರುವ ಯಾವ ತಿಂಡಿಗೂ ಸಾವಿರ ಆಗುವುದಿಲ್ಲ.

ನನಗೆ ವಿಷಯ ಗೊತ್ತಾದದ್ದು ರಾತ್ರಿ. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ. ಬ್ಯಾಂಕಿನ ಎಸ್ಸೆಮ್ಮೆಸ್ ಬರಲೇ ಇಲ್ಲ. ಮನೆಗೆ ಬಂದು ವೈಫೈ ಸಿಕ್ಕಮೇಲೆ ಆಪ್ ತೆರೆದರೆ ಐವತ್ತು ಸಾವಿರ ರೂಪಾಯಿಯ ಹತ್ತಿರ ಖರ್ಚಾಗಿದೆ. ಬ್ಯಾಂಕಿಗೆ ಫೋನ್ ಮಾಡಿದೆ, ಫಾರಂ ತುಂಬಿದೆ, ಎರಡು ತಿಂಗಳು ಕಾದೆ. ಕೊನೆಗೆ ಬಂದ ಉತ್ತರ: ಚಿಪ್ ಇರುವ ಕಾರ್ಡ್, ಪಿನ್ ಒತ್ತಿದ್ದೀರಿ, ಹಾಗಾಗಿ ಒಪ್ಪಿಗೆ ನಿಮ್ಮದೇ. ರಸೀದಿ ಇದೆಯಾ ಎಂದರು, ಇರಲಿಲ್ಲ. ಪೊಲೀಸ್ ದೂರು ಇದೆಯಾ ಎಂದರು, ನಾಲ್ಕು ದಿನ ಬಿಟ್ಟು ಕೊಟ್ಟಿದ್ದೆ. ದುಡ್ಡು ಹೋಯಿತು.

ಆ ಹುಡುಗರದ್ದೂ ಅದೇ ಕತೆ. ಅವರಿಗೆ ಪರದೆಯೇ ಸರಿ ಕಂಡಿರಲಿಲ್ಲ, ಗೀಚು ಬಿದ್ದು ಅರ್ಧ ಮಾಸಿತ್ತಂತೆ. ಪರದೆ ಒಡೆದಿದ್ದರೆ, ಮಾಸಿದ್ದರೆ, ಬೆರಳಿಂದ ಮುಚ್ಚಿ ಹಿಡಿದಿದ್ದರೆ ಆ ಮಷಿನ್‌ಗೆ ಕಾರ್ಡ್ ಮುಟ್ಟಿಸಲೇ ಬೇಡಿ. ಅವನು ಎಷ್ಟೇ ನಗುತ್ತಿರಲಿ, ಹಿಂದೆ ಎಷ್ಟೇ ಜನ ಕಾಯುತ್ತಿರಲಿ. ಮಷಿನ್ ಅನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ, ಛತ್ರಿಯ ನೆರಳಿಗೆ ತನ್ನಿ, ಓದಿ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲಿಯವರೂ ಹಾಗೇ ನೋಡಿಯೇ ಕೊಡುತ್ತಾರೆ. ಕಾರ್ಡ್ ಮಾತ್ರ ನಿಮ್ಮ ಕೈ ಬಿಟ್ಟು ಹೋಗಬಾರದು. ತಿರುಗಿ ಕೊಡುವಾಗ ಬೇರೆಯವರ ಕಾರ್ಡ್ ಕೈಗಿಟ್ಟ ಪ್ರಸಂಗಗಳೂ ಇವೆ.

ದೆಬಿತು ಓ ಕ್ರೆದಿತು ಎಂದು ಕೇಳಿದರೆ ಕ್ರೆದಿತು ಎನ್ನಿ. ದುಡ್ಡು ಕೊಟ್ಟಮೇಲೆ ಮಿನ್ಯ ವಿಯ, ಪೋರ್ ಫಾವೋರ್ ಎನ್ನಿ. ನನ್ನ ರಸೀದಿ ಕೊಡಿ ಎಂದರ್ಥ. ಮಷಿನ್ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ, ರಿಯಾಲ್‌ನಲ್ಲೇ ಎನ್ನಿ. ರೂಪಾಯಿ ಎಂದು ಒಪ್ಪಿದರೆ ಬದಲಾವಣೆಯ ದರವನ್ನು ಅವರೇ ನಿಗದಿ ಮಾಡುತ್ತಾರೆ, ನಿಮಗೆ ನಷ್ಟ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಬೇಡ ಎಂದು ಒತ್ತಿದರೂ ದುಡ್ಡು ಬರುತ್ತದೆ, ಹೆದರಬೇಡಿ.

ಇದಕ್ಕಿಂತ ಗಟ್ಟಿಯಾದ ಉಪಾಯ ಊರು ಬಿಡುವ ಮೊದಲೇ ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮ 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ನಮ್ಮ ಕಾರ್ಡಿಗೆ ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬಹುದು, ಮಿತಿಯನ್ನೂ ನಾವೇ ಇಡಬಹುದು. ಬ್ಯಾಂಕಿನ ಆಪ್‌ನಲ್ಲಿ ಎರಡು ನಿಮಿಷದ ಕೆಲಸ. ಕಡಲತೀರಕ್ಕೆ ಒಯ್ಯುವ ಒಂದೇ ಕಾರ್ಡಿಗೆ ಐದು ಸಾವಿರ ರೂಪಾಯಿ ಮಿತಿ ಇಡಿ. ದೊಡ್ಡ ಕಾರ್ಡ್ ರೂಮಿನಲ್ಲೇ ಇರಲಿ. ಆ ಹುಡುಗರು ಇಷ್ಟು ಮಾಡಿದ್ದರೆ ಮಷಿನ್ ತಾನಾಗೇ ಬೇಡ ಎನ್ನುತ್ತಿತ್ತು. ಜೊತೆಗೆ ಹತ್ತು, ಇಪ್ಪತ್ತರ ನೋಟು ಒಂದಷ್ಟು ಇಟ್ಟುಕೊಳ್ಳಿ. ನಾನು ಈಗ ಮರಳಿನ ಮೇಲೆ ನಗದು ಬಿಟ್ಟು ಬೇರೇನೂ ಕೊಡುವುದಿಲ್ಲ.

ಪಿಕ್ಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. 2020ರ ನವೆಂಬರ್‌ನಲ್ಲಿ ಇಲ್ಲಿನ ಕೇಂದ್ರ ಬ್ಯಾಂಕ್ ತಂದ ಪಿಕ್ಸ್ ನಮ್ಮ ಯುಪಿಐನ ಹಾಗೆಯೇ, ಇಡೀ ದೇಶ ಅದರ ಮೇಲೆ ನಡೆಯುತ್ತಿದೆ. ಆದರೆ ಅದಕ್ಕೆ ಇಲ್ಲಿನ ಖಾತೆ ಬೇಕು. ಹತ್ತು ದಿನಕ್ಕೆ ಬಂದವರಿಗೆ ಅದು ಆಗುವ ಮಾತಲ್ಲ.

ಆಗಬಾರದ್ದು ಆಗಿಯೇ ಹೋದರೆ ಅದೇ ದಿನ ಲೆಬ್ಲೋನ್‌ನಲ್ಲಿರುವ ಪ್ರವಾಸಿಗರ ಪೊಲೀಸ್ ಠಾಣೆಗೆ ಹೋಗಿ. ಡೇಆಟ್ ಎನ್ನುತ್ತಾರೆ. ದೂರಿನ ಪ್ರತಿಗೆ ಇಲ್ಲಿ ಬೇಓ ಎಂದು ಹೆಸರು. ಅದಿಲ್ಲದೆ ಬ್ಯಾಂಕಾಗಲಿ, ಟ್ರಾವೆಲ್ ಇನ್ಶೂರೆನ್ಸ್‌ನವರಾಗಲಿ ಮಾತೇ ಆಡುವುದಿಲ್ಲ. ನಾಳೆ ನೋಡೋಣ ಎನ್ನಬೇಡಿ.

ಇಷ್ಟು ಹೇಳಿದ ಮೇಲೆ ಈ ಊರಿನವರಿಗೆ ಅನ್ಯಾಯ ಆಗಬಾರದು. ಹೆಗಲ ಎರಡೂ ಬದಿಗೆ ಲೋಹದ ಡ್ರಮ್ ನೇತುಹಾಕಿಕೊಂಡು ಮಾತಿ ಚಹಾ ಮಾರುವವರಿದ್ದಾರೆ. ಒಂದರಲ್ಲಿ ತಣ್ಣನೆ ಚಹಾ, ಇನ್ನೊಂದರಲ್ಲಿ ನಿಂಬೆ ಪಾನಕ. ಬೆರೆಸಿ ಕೊಡುತ್ತಾರೆ. ನಾನೊಮ್ಮೆ ಇಪ್ಪತ್ತು ಎಂದುಕೊಂಡು ಐವತ್ತರ ನೋಟು ಕೊಟ್ಟು ಹೊರಟಿದ್ದೆ. ಆ ಭಾರ ಹೊತ್ತುಕೊಂಡೇ ಬಿಸಿ ಮರಳಿನಲ್ಲಿ ಓಡಿಬಂದು ಮೂವತ್ತು ವಾಪಸ್ ಕೈಗಿಟ್ಟರು ಒಬ್ಬ ಹಿರಿಯರು. ಮೋಸ ಮಾಡುವವರು ಕೆಲವೇ ಜನ. ಅವರು ಹುಡುಕುವುದು ನಮ್ಮಂಥ ಹೊಸಬರನ್ನೇ.

ಕುರ್ಚಿ, ಛತ್ರಿ ಬಾಡಿಗೆಗೆ ಸಿಗುತ್ತವೆ. ಕೂರುವ ಮೊದಲೇ ಬೆಲೆ ಕೇಳಿ. ಕೂತ ಮೇಲೆ ಇಷ್ಟಾದರೂ ತಿನ್ನಲೇಬೇಕು ಎಂದು ಯಾರಾದರೂ ಹೇಳಿದರೆ ಅದು ಕಾನೂನಿಗೆ ವಿರುದ್ಧ. ಒಂದನ್ನು ಕೊಂಡರೆ ಮಾತ್ರ ಇನ್ನೊಂದು ಎನ್ನುವುದನ್ನು 1990ರ ಗ್ರಾಹಕ ಸಂಹಿತೆ ತಡೆಯುತ್ತದೆ. ಆ ಸಂಹಿತೆಯ ಒಂದು ಪ್ರತಿಯನ್ನು ಪ್ರತಿ ಅಂಗಡಿಯಲ್ಲೂ ಕಾಣುವ ಹಾಗೆ ಇಡಬೇಕೆಂಬ ನಿಯಮವೇ ಇಲ್ಲಿದೆ. ಪ್ರೊಕಾನ್ ಎಂದು ಗ್ರಾಹಕರ ದೂರು ಕೇಳುವ ಕಚೇರಿಯೂ ಇದೆ, ಆ ಹೆಸರು ಹೇಳಿದರೆ ಅಂಗಡಿಯವರು ದನಿ ತಗ್ಗಿಸುವುದನ್ನು ನಾನೇ ನೋಡಿದ್ದೇನೆ. ಈ ಒಂದು ವಿಷಯದಲ್ಲಿ ನಮ್ಮ ದೇಶ ಇವರಿಂದ ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೋಟೆಲ್ ಬಿಲ್ಲಿನ ಕೊನೆಗೆ ಹತ್ತು ಪರ್ಸೆಂಟ್ ಸೇವಾ ಶುಲ್ಕ ಸೇರಿಸಿರುತ್ತಾರೆ. ಅದೂ ಕಡ್ಡಾಯ ಅಲ್ಲ. ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ನಾನು ಕೊಡುತ್ತೇನೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಸೇಮ್ ಕಾರ್ನಿ, ಅಂದರೆ ಮಾಂಸ ಇಲ್ಲದ್ದು ಎಂದು ಕೇಳಿದರೆ ಸಾಲದು. ಇಲ್ಲಿ ಕಾರ್ನಿ ಎಂದರೆ ಜನರ ಮನಸ್ಸಿಗೆ ಬರುವುದು ದನದ ಮಾಂಸ. ಕೋಳಿ ಹಾಕಿಯೋ ಹಂದಿಯ ಪ್ರೆಜುಂತು ಹಾಕಿಯೋ ತಂದುಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಸರಿಯೇ. ನಮ್ಮ ಅತ್ತೆಯವರು ಬಂದಾಗ ಒಂದೊಂದನ್ನೂ ಬೇರೆಬೇರೆ ಹೆಸರು ಹೇಳಿ ಬೇಡ ಎನ್ನುತ್ತಿದ್ದೆ: ಕಾರ್ನಿ, ಫ್ರಾಂಗು ಅಂದರೆ ಕೋಳಿ, ಪೇಶಿ ಅಂದರೆ ಮೀನು, ಪ್ರೆಜುಂತು. ಕಪ್ಪು ಬೀನ್ಸ್ ಕಾಳಿನ ಫೇಜಾವ್ ನೋಡಲು ನಮ್ಮ ಕಾಳಿನ ಸಾರಿನ ಹಾಗೆ ಇರುತ್ತದೆ. ಅದರಲ್ಲೂ ಹಂದಿ ಮಾಂಸದ ಚೂರು ಇರಬಹುದು, ಕೇಳಿಯೇ ಬಡಿಸಿಕೊಳ್ಳಿ.

ಕಡಿಮೆ ಖರ್ಚಿನ ಊಟ ಬೇಕಾದರೆ ತೂಕದ ಹೋಟೆಲ್‌ಗೆ ಹೋಗಿ. ಪೋರ್ ಕಿಲು ಎಂಬ ಬೋರ್ಡ್ ಹುಡುಕಿ. ಅನ್ನ, ಪಲ್ಯ, ಸೊಪ್ಪು, ಹುರಿದ ಮರಗೆಣಸು ಎಲ್ಲ ಎದುರಿಗೇ ಇರುತ್ತದೆ. ಬೇಕಾದಷ್ಟು ಹಾಕಿಕೊಂಡು ತಟ್ಟೆಯನ್ನು ತಕ್ಕಡಿಯ ಮೇಲೆ ಇಟ್ಟರೆ ಆಯಿತು. ಕಲ್ಲಂಗಡಿಯಂಥ ನೀರು ತುಂಬಿದ ಹಣ್ಣನ್ನು ಅಲ್ಲಿ ಹಾಕಿಕೊಳ್ಳಬೇಡಿ, ಸುಮ್ನೆ ತೂಕ. ಹಣ್ಣು ಬೀದಿಯ ಸಂತೆಯಲ್ಲಿ ಅಗ್ಗ.

ಉಳಿಯಲು ಇಪನೆಮವೇ ಬೇಕು ಎಂದು ಹಟ ಮಾಡುವವರಿದ್ದಾರೆ. ಅಗತ್ಯ ಇಲ್ಲ. ಇಲ್ಲಿನ ಮೆಟ್ರೋದಲ್ಲಿ ನಮ್ಮ ಮೆಟ್ರೋದ ಹಾಗೆ ದೂರಕ್ಕೆ ತಕ್ಕ ದರ ಅಲ್ಲ. ಒಂದು ನಿಲ್ದಾಣ ಹೋದರೂ ಕೊನೆಯ ನಿಲ್ದಾಣಕ್ಕೆ ಹೋದರೂ ಒಂದೇ ದರ, ಸುಮಾರು 8 ರಿಯಾಲ್. ಹಾಗಾಗಿ ಫ್ಲಮೆಂಗು, ಬೋತಫೋಗು, ಕತೇಟಿಯಂಥ ಕಡೆ ಕಡಿಮೆ ಬಾಡಿಗೆಗೆ ರೂಮು ಹಿಡಿದು ಮೆಟ್ರೋದಲ್ಲಿ ತೀರಕ್ಕೆ ಹೋಗಿ. ಗೇಟಿನಲ್ಲಿ ಕಾರ್ಡ್ ಮುಟ್ಟಿಸಿದರೆ ಸಾಕು, ಮೊತ್ತ ಒತ್ತುವ ಮನುಷ್ಯ ಅಲ್ಲಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 5ರಿಂದ 8ರವರೆಗೆ ಹೆಂಗಸರಿಗೆ ಬೇರೆ ಬೋಗಿ ಇದೆ. ಗೊತ್ತಿಲ್ಲದೆ ಹತ್ತಿದ ಗಂಡಸರನ್ನು ಇಳಿಸುತ್ತಾರೆ.

ತೀರದಲ್ಲಿ ಗುರುತಿಗೆ ಪೋಸ್ತುಗಳ ನಂಬರ್ ಹಿಡಿದುಕೊಳ್ಳಿ. ಈಜುಗಾರರ ಕಾವಲು ಗೋಪುರಗಳವು. ಲೆಮಿಯಲ್ಲಿ ಒಂದರಿಂದ ಶುರುವಾಗಿ ಲೆಬ್ಲೋನ್‌ನಲ್ಲಿ ಹನ್ನೆರಡಕ್ಕೆ ಮುಗಿಯುತ್ತವೆ. ಕೆಂಪು ಬಾವುಟ ಇದ್ದಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ. ಕಾರವಾರ, ಮಲ್ಪೆಯಲ್ಲಿ ಈಜಿದ್ದೇನೆ ಎನ್ನುವ ಧೈರ್ಯ ಇಲ್ಲಿನ ಸೆಳೆತಕ್ಕೆ ಸಾಲುವುದಿಲ್ಲ.

ಊರಿನಿಂದ ರೈಸ್ ಕುಕ್ಕರ್ ತರುವವರಿಗೆ: ರಿಯೋದಲ್ಲಿ ಕರೆಂಟ್ 127 ವೋಲ್ಟ್. ನಮ್ಮ 230 ವೋಲ್ಟ್ ಕುಕ್ಕರ್‌ನಲ್ಲಿ ಅಕ್ಕಿ ಬೇಯುವುದಿಲ್ಲ, ನೆನೆಯುತ್ತದೆ.

ಕೊನೆಯದು ಹಳದಿ ಜ್ವರದ ಲಸಿಕೆ. ಬ್ರೆಜಿಲ್‌ನಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಇಳಿಯುವವರಿಗೆ ಲಸಿಕೆಯ ಪುಸ್ತಕ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೀನ್, ಆರು ದಿನದವರೆಗೆ. ಅಮೆರಿಕದಿಂದ ಇಲ್ಲಿಗೆ ಬಂದು ಇಲ್ಲಿಂದಲೇ ಊರಿಗೆ ಹೋಗುವವರು ಇದನ್ನು ಮರೆಯುತ್ತಾರೆ, ಯಾಕೆಂದರೆ ಅಮೆರಿಕಕ್ಕೆ ವಾಪಸ್ ಹೋದವರನ್ನು ಯಾರೂ ಕೇಳಿರುವುದಿಲ್ಲ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಆ ಪುಸ್ತಕ ಊರ್ಜಿತ. ಸರ್ಕಾರ ಒಪ್ಪಿದ ಕೇಂದ್ರದ್ದೇ ಆಗಬೇಕು. ಒಮ್ಮೆ ಹಾಕಿಸಿದರೆ ಜೀವನ ಪೂರ್ತಿ ನಡೆಯುತ್ತದೆ. ಟಿಕೆಟ್ ತೆಗೆದ ದಿನವೇ ಲಸಿಕೆಗೂ ದಿನ ಗೊತ್ತು ಮಾಡಿ, ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.