ಯೆಜ್ಡಿ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಪ್ಲಗ್ ಬಿಚ್ಚಿ

ಕಿಕ್ ಮೇಲೆ ಕಿಕ್ ಹೊಡೆಯೋದನ್ನು ಮೊದಲು ನಿಲ್ಲಿಸಿ. ಹತ್ತಿಕೊಳ್ಳದ ಒಂದೊಂದು ಕಿಕ್ಕಿಗೂ ಎಂಜಿನ್ ಒಳಗೆ ಪೆಟ್ರೋಲ್ ಸೇರುತ್ತಲೇ ಹೋಗುತ್ತದೆ. ಕಿಡಿ ಹೊತ್ತಿಸುವ ಪ್ಲಗ್ ನೆನೆದ ಮೇಲೆ ನೀವು ಎಷ್ಟು ಒದ್ದರೂ ಸುಮ್ನೆ ಕಾಲುನೋವು.

ನಾನು ಹೇಳ್ತಿರೋದು ಬ್ಯಾಟರಿ, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಬಿಡುವ ಸಣ್ಣ ಸ್ವಿಚ್) ಇರುವ ಹಳೇ 250 ಸಿಸಿ ಯೆಜ್ಡಿ ಬೈಕಿನ ವಿಷಯ. ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಪ್ಲಗ್ಗೂ ಒಂದೇ. ಹಾಗಾಗಿ ಹುಡುಕೋದು ಸುಲಭ: ಕಿಡಿ ಬರ್ತಿದೆಯಾ, ಪೆಟ್ರೋಲ್ ಬರ್ತಿದೆಯಾ? ಈ ಕ್ರಮ ತಪ್ಪಿಸಬೇಡಿ. ತುಂಬಾ ಜನ ನೇರ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ಗೆ ಕೈ ಹಾಕಿ, ಸರಿಯಿದ್ದ ಸ್ಕ್ರೂ ತಿರುಗಿಸಿ, ಒಂದು ತೊಂದರೆಯನ್ನು ಎರಡು ಮಾಡಿಕೊಳ್ಳುತ್ತಾರೆ.

ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಕೀ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ. ಒಳಗಿನ ಪೆಟ್ರೋಲ್ ಹೊರಗೆ ಹೋಗುತ್ತದೆ. ಅದು ಆರಲು ಸ್ವಲ್ಪ ಹೊತ್ತು ಬಿಡಿ. ಅಷ್ಟರಲ್ಲಿ ಪ್ಲಗ್ಗಿನ ಕರಿ ಉಜ್ಜಿ ಒಣಗಿಸಿ. ಆಮೇಲೆ ಅದನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರದಲ್ಲಿ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಇಟ್ಟು, ಕೀ ಹಾಕಿ ಕಿಕ್ ಹೊಡೆಯಿರಿ. ನೀಲಿ ಕಿಡಿ ಚಟ್ ಅಂತ ಬಂದರೆ ಸರಿ. ಹಳದಿಯಾಗಿ, ಸಣ್ಣಗೆ ಬಂದರೆ ಕಿಡಿ ಸಾಲದು.

ಆಗ ಹಾರ್ನ್ ಒತ್ತಿ ನೋಡಿ. ಅದೂ ಕುಂಯ್ ಅಂದರೆ ಬ್ಯಾಟರಿ ಸೋತಿದೆ. ಹಾರ್ನ್ ಚೆನ್ನಾಗಿದ್ದರೆ ಬಲಗಡೆ ಕವರ್ ತೆಗೆದು ಪಾಯಿಂಟ್ ನೋಡಿ. ನನ್ನ ಗಾಡಿ ನಿಲ್ಲೋದು ಮಂಡ್ಯದ ಮನೆಯ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ. ನಾಲೆಗೆ ನೀರು ಬಿಟ್ಟ ಕಾಲದಲ್ಲಿ ಅಲ್ಲಿ ಗಾಳಿಯೇ ತೇವ. ಪಾಯಿಂಟಿನ ಎರಡು ತುದಿಯ ಮೇಲೆ ಬೂದಿ ಬಣ್ಣದ ತೆಳು ಪದರ ಕೂತಿರುತ್ತದೆ, ಕಣ್ಣಿಗೆ ಬೇಗ ಕಾಣಲ್ಲ. ನಯವಾದ ಉಪ್ಪುಕಾಗದದಲ್ಲಿ ಎರಡೆಳೆತ, ಆಮೇಲೆ ಬಿಳಿ ಕಾಗದ ತೂರಿಸಿ ಒರೆಸಿ. ಕಾಗದ ಕಪ್ಪಾಗೋದು ನಿಲ್ಲುವ ತನಕ. ಪೂರ್ತಿ ತೆರೆದಾಗ ಸಂದು 0.4 ಮಿ.ಮೀ. ಇರಲಿ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸತ್ತುಹೋಗುವ ಗಾಡಿಯಾದರೆ ಪಾಯಿಂಟಿಗೆ ಜೋಡಿಸಿರುವ ಸಣ್ಣ ಡಬ್ಬಿಯಂಥ ಕಂಡೆನ್ಸರ್ ಮೇಲೆ ನನಗೆ ಮೊದಲ ಅನುಮಾನ.

ಕಿಡಿ ಚೆನ್ನಾಗಿದೆ, ಬಿಚ್ಚಿದಾಗ ಪ್ಲಗ್ ಮಾತ್ರ ಒಣಗಿತ್ತು ಅಂದರೆ ಪೆಟ್ರೋಲ್ ಬರ್ತಿಲ್ಲ. ಕಾಕ್ ತೆಗೆದು, ಕಾರ್ಬೊರೇಟರ್ ಮೇಲಿನ ಟಿಕ್ಲರ್ ಗುಂಡಿ ಒತ್ತಿ ಹಿಡಿಯಿರಿ, ಬೆರಳ ತುದಿ ಒದ್ದೆಯಾಗಬೇಕು. ಆಗದಿದ್ದರೆ ಕಾಕ್, ಪೈಪ್, ಕಾರ್ಬೊರೇಟರ್ ಒಳಗೆ ತೇಲುವ ಫ್ಲೋಟ್ ನೋಡಿ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಕಬ್ಬಿನಿಂದಲೂ ತೆಗೆಯೋದು ಅದು, ನಮ್ಮ ಕಡೆ ರೈತರಿಗೆ ಒಳ್ಳೆಯದೇ. ಆದರೆ ಅದು ನೀರು ಹೀರುತ್ತದೆ, ಹಳೇ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ವಾರಗಟ್ಟಲೆ ನಿಂತ ಗಾಡಿಯಾದರೆ ಹಳೇ ಪೆಟ್ರೋಲ್ ಚೆಲ್ಲಿ, ಆಯಿಲ್ ಬೆರೆಸಿದ ಹೊಸದು ಹಾಕಿ (ಇದು ಟೂ-ಸ್ಟ್ರೋಕ್ ಎಂಜಿನ್). ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿದ್ದರೆ ಗಾಳಿ ಊದಿ ಬಿಡಿಸಿ. ಪಿನ್ನು, ತಂತಿ ಖಂಡಿತ ಬೇಡ. ತೂತು ದೊಡ್ಡದಾದರೆ ಆ ಜೆಟ್ ಕಥೆ ಮುಗಿಯಿತು.

ಬೆಳಿಗ್ಗೆ ಸ್ಟಾರ್ಟ್ ಮಾಡೋ ಕ್ರಮವೂ ಮುಖ್ಯ. ಕಾಕ್ ತೆಗೆದು, ಪೆಟ್ರೋಲ್ ಇಣುಕುವ ತನಕ ಟಿಕ್ಲರ್ ಒತ್ತಿ. ಕೀ ಹಾಕದೆ ಎರಡು ನಿಧಾನ ಕಿಕ್. ಆಮೇಲೆ ಕೀ ಹಾಕಿ, ಕೆಳಗಿನ ತನಕ ಒಂದು ಉದ್ದನೆಯ ಕಿಕ್. ಎಂಜಿನ್ ಬಿಸಿ ಇದ್ದಾಗ ಟಿಕ್ಲರ್ ಮುಟ್ಟಲೇಬೇಡಿ.

ಇಷ್ಟಾದರೂ ಹಟ ಬಿಡದಿದ್ದರೆ, ಜೊತೆಗೆ ದಟ್ಟ ಬಿಳಿ ಹೊಗೆ ಬಂದು ಗೇರ್ ಆಯಿಲ್ ಕಮ್ಮಿಯಾಗ್ತಿದ್ದರೆ, ಗೇರ್ ಆಯಿಲ್ ಎಂಜಿನ್ ಒಳಗೆ ನುಗ್ಗದಂತೆ ತಡೆಯುವ ಕ್ರ್ಯಾಂಕ್ ಸೀಲ್ ಹೋಗಿರಬಹುದು. ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಈ ಎಂಜಿನ್ ಬಲ್ಲ ಕೈಗಳು ಊರಿನಲ್ಲಿ ಇನ್ನೂ ಇವೆ. ಅಂಥವರ ಹತ್ತಿರ ಕೊಟ್ಟು, ಎರಡೂ ಕಡೆಯ ಸೀಲ್ ಒಟ್ಟಿಗೇ ಬದಲಾಯಿಸಲು ಹೇಳಿ.